ಬೇರಿಂಗ್ ಗೋಡೌನಿಗೆ ಆಟೋಮ್ಯಾಟಿಕ್ ಸ್ಟೋರೇಜ್ ಹಾಕಿಸ್ಬೇಕಾ? 7,000 ಐಟಂ, ದಿನಕ್ಕೆ 300 ಲೈನ್, ಅನುಭವ ಇರೋರು ಹೇಳಿ

ಪೀಣ್ಯ ಬೇರಿಂಗ್ | ಸೋಮವಾರ ರಾತ್ರಿ

ಎಲ್ರಿಗೂ ನಮಸ್ಕಾರ. ನಮ್ದು ಪೀಣ್ಯದಲ್ಲಿ ಬೇರಿಂಗು, ಆಯಿಲ್ ಸೀಲು, ಓ-ರಿಂಗು, ಸರ್ಕ್ಲಿಪ್ಪು, ವಿ-ಬೆಲ್ಟು ವ್ಯಾಪಾರ, ಅಪ್ಪ ಶುರು ಮಾಡಿದ್ದು, ಹನ್ನೊಂದು ವರ್ಷದಿಂದ ನಾನು ನೋಡ್ಕೋತಿದೀನಿ. ಶೆಡ್ಡು 2,400 ಚದರಡಿ, ಐಟಂ ಹತ್ತತ್ರ 7,000, ದಿನಕ್ಕೆ 300 ಲೈನ್ ಹೋಗುತ್ತೆ, ಲೈನ್ ಅಂದ್ರೆ ಬಿಲ್ಲಲ್ಲಿ ಒಂದು ಸಾಲು ಅಂತ ಲೆಕ್ಕ. ನಾಲ್ಕು ಜನ ಸಾಮಾನು ತೆಗೆಯೋರಿದಾರೆ. ರ‍್ಯಾಕು ತುಂಬಿ ಈಗ ಓಡಾಡೋ ದಾರೀಲೂ ಡಬ್ಬ ಇಟ್ಟಿದೀವಿ. ಅದಕ್ಕಿಂತ ದೊಡ್ಡ ತಲೆನೋವು ತಪ್ಪು ಸಾಮಾನು ಹೋಗೋದು. 6203 ಝೆಡ್‌ಝೆಡ್ ನಂಬರಿನ ಬೇರಿಂಗ್ ಕೇಳಿದ್ರೆ 6203 2ಆರ್‌ಎಸ್ ಹೋಗಿರುತ್ತೆ, ಒಂದಕ್ಕೆ ತಗಡಿನ ಮುಚ್ಚಳ ಇನ್ನೊಂದಕ್ಕೆ ರಬ್ಬರ್ ಸೀಲು, ಡಬ್ಬ ನೋಡೋಕೆ ಒಂದೇ ಥರ, ಅಲ್ಲಿ ಕಸ್ಟಮರ್ ಮೋಟಾರ್ ಬಿಚ್ಕೊಂಡು ಕೂತಿರ್ತಾನೆ, ನಮ್ ಡಬ್ಬ ತೆಗೆದ್ರೆ ಬೇರೇನೇ ಸಾಮಾನು, ಅವತ್ತಿನ ಅವನ ಪ್ರೊಡಕ್ಷನ್ ಹೋಯ್ತು.

ಒಂದು ಕಂಪನಿಯೋರು ಬಂದು ವರ್ಟಿಕಲ್ ಲಿಫ್ಟ್ ಮಾಡ್ಯೂಲ್ ಅಂತ ತೋರ್ಸಿದ್ರು, ಬೀರು ಥರ ಎತ್ತರದ ಮೆಷಿನ್ನು, ಒಳಗೆ ಟ್ರೇಗಳು, ಬಟನ್ ಒತ್ತಿದ್ರೆ ಬೇಕಾದ ಟ್ರೇ ಕಿಟಕಿಗೆ ಬರುತ್ತೆ. ಇದೊಂದು ಹಾಕ್ಸಿದ್ರೆ ನಾಲ್ಕು ಜನದ ಕೆಲಸ ಒಬ್ಬರೇ ಮಾಡ್ಬಹುದು ಅಂತಿದಾರೆ. ದುಡ್ಡು ಸಣ್ಣದಲ್ಲ, ಮನೆ ಪತ್ರ ಇಟ್ಟು ಲೋನ್ ತಗೋಬೇಕು. ಅದಕ್ಕೇ ಕೇಳ್ತಿರೋದು.

ಗೋದಾಮು 18 ವರ್ಷ | ಸೋಮವಾರ ರಾತ್ರಿ

ಸರ್, ಸಹಿ ಹಾಕೋಕೆ ಮುಂಚೆ ಕೇಳಿದ್ರಲ್ಲ, ಬಹಳ ಒಳ್ಳೇದಾಯ್ತು. ನಾನು ಆಟೋ ಸ್ಪೇರ್ಸ್ ಗೋದಾಮುಗಳಲ್ಲೇ ಹದಿನೆಂಟು ವರ್ಷ ಇದೀನಿ, ಎರಡು ಕಡೆ ಈ ಮೆಷಿನ್ ಹಾಕಿಸಿದೀನಿ, ಒಂದು ಕಡೆ ಚೆನ್ನಾಗಿ ನಡೀತು, ಇನ್ನೊಂದು ಕಡೆ ಎರಡು ವರ್ಷ ಆದ್ಮೇಲೆ ಬರೀ ಹಳೇ ಸ್ಟಾಕ್ ತುಂಬಿಡೋ ಬೀರು ಆಗೋಯ್ತು. ಯಾಕೆ ಹಾಗಾಯ್ತು ಅನ್ನೋದನ್ನೇ ನಿಮಗೆ ಬಿಡಿಸಿ ಹೇಳ್ಬೇಕು ಅನ್ಸುತ್ತೆ.

ಮೊದ್ಲು ಮೆಷಿನ್ ಏನ್ ಮಾಡುತ್ತೆ ಅಂತ ಸರಿಯಾಗಿ ನೋಡಿ. ಮುಂದೊಂದು ಕಂಬ, ಹಿಂದೊಂದು ಕಂಬ, ಎರಡರಲ್ಲೂ ಟ್ರೇಗಳು, ನಡುವೆ ಲಿಫ್ಟು ಮೇಲೆ ಕೆಳಗೆ ಓಡಾಡುತ್ತೆ. ಟ್ರೇ ವಾಪಸ್ ಹೋಗೋವಾಗ ಅದರ ಮೇಲಿರೋ ಸಾಮಾನಿನ ಎತ್ತರನ ಸೆನ್ಸರ್ ಅಳೆದು, ಎಷ್ಟು ಬೇಕೋ ಅಷ್ಟೇ ಸಂದು ಹುಡುಕಿ ಇಡುತ್ತೆ, ಅದಕ್ಕೇ ಜಾಗ ಅಷ್ಟೊಂದು ಉಳಿಯೋದು. ನಿಮ್ಮ ಶೆಡ್ಡಿನ ಎತ್ತರ ಈಗ ಸುಮ್ನೆ ಖಾಲಿ ಬಿದ್ದಿದೆ, ಅದು ಪೂರ್ತಿ ಉಪಯೋಗಕ್ಕೆ ಬರುತ್ತೆ. ಜಾಗದ ವಿಷಯದಲ್ಲಿ ಅವರು ಹೇಳ್ತಿರೋದು ನಿಜ.

ವೇಗದ ಲೆಕ್ಕ ಬೇರೆ. ಒಂದು ಟ್ರೇ ಒಳಗೆ ಹೋಗಿ ಇನ್ನೊಂದು ಬರೋಕೆ 40 ಸೆಕೆಂಡ್ ಅಂತ ಇಟ್ಕೊಳ್ಳಿ, ಸಾಮಾನು ತೆಗೆದು ಎಣಿಸಿ ಕನ್ಫರ್ಮ್ ಒತ್ತೋಕೆ 30 ಸೆಕೆಂಡ್. ಒಂದು ಲೈನಿಗೆ 70 ಸೆಕೆಂಡ್ ಆಯ್ತು, ಗಂಟೆಗೆ ಸುಮಾರು 51 ಲೈನ್. ದಿನಕ್ಕೆ 300 ಲೈನ್ ಎಂಟು ಗಂಟೆಗೆ ಹಂಚಿದ್ರೆ ಗಂಟೆಗೆ 38 ಬೀಳುತ್ತೆ, ಆರಾಮಾಗಿ ಆಗುತ್ತೆ ಅನ್ಸುತ್ತೆ. ಆದ್ರೆ ನಿಮ್ಮ ಆರ್ಡರ್ ಹಾಗೆ ಸಮನಾಗಿ ಬರುತ್ತಾ? ಸಂಜೆ ಪಾರ್ಸೆಲ್ ಗಾಡಿ ಎಷ್ಟೊತ್ತಿಗೆ? ಮೂರರಿಂದ ಆರರೊಳಗೆ 180 ಲೈನ್ ಬಿದ್ರೆ ಗಂಟೆಗೆ 60 ಬೇಕು, ಮೆಷಿನ್ ಕೊಡೋದು 51, ಬೇಗ ಬಾ ಅಂದ್ರೆ ಲಿಫ್ಟ್ ಬರಲ್ಲ, ನಾಲ್ಕು ಜನ ಕಿಟಕಿ ಮುಂದೆ ಸಾಲಾಗಿ ನಿಂತಿರ್ತಾರೆ. ನಮ್ಮ ಎರಡನೇ ಕಡೆ ಆಗಿದ್ದು ಇದೇ.

ಇದಕ್ಕೆ ದಾರಿ ಇದೆ. ಹತ್ತು ಬಿಲ್ ಒಟ್ಟಿಗೆ ತಗೊಂಡು ಅದೇ ಟ್ರೇಲಿ ಎಷ್ಟು ಬಿಲ್ಲಿನ ಸಾಮಾನಿದೆಯೋ ಅಷ್ಟೂ ಒಂದೇ ಸಲ ತೆಗೆಯೋದು, ಇಲ್ಲಾ ಎರಡು ಮೆಷಿನ್ ಪಕ್ಕಪಕ್ಕ ಇಟ್ಟು ಒಂದರಲ್ಲಿ ಕೈ ಆಡ್ಸೋವಾಗ ಇನ್ನೊಂದು ಟ್ರೇ ತರೋ ಹಾಗೆ ಮಾಡೋದು. ಏನೇ ಮಾಡಿದ್ರೂ ಮೊದ್ಲು ನಿಮ್ಮ ಲೈನ್ ಎಣಿಸಿ. ಮೂರು ವಾರದ ಬಿಲ್ ಟ್ಯಾಲಿಯಿಂದ ಎಕ್ಸೆಲ್‌ಗೆ ಇಳಿಸಿ, ಯಾವ ಐಟಂ ಎಷ್ಟು ಸಲ ಹೋಯ್ತು, ಯಾವ ಗಂಟೇಲಿ ಹೋಯ್ತು ನೋಡಿ. ಎಷ್ಟು ಪೀಸ್ ಅಂತಲ್ಲ, ಎಷ್ಟು ಸಲ ಅಂತ. ಅದಿಲ್ದೆ ಯಾರು ಏನ್ ಹೇಳಿದ್ರೂ ನಂಬಬೇಡಿ, ನಾನು ಹೇಳಿದ್ದನ್ನೂ ಸೇರಿಸಿ.

ಎಸ್‌ಪಿ ರೋಡ್ ಕಾಂಪೊನೆಂಟ್ಸ್ | ಮಂಗಳವಾರ ಬೆಳಿಗ್ಗೆ

ಒಳ್ಳೆ ಚರ್ಚೆ. ನಮ್ದು ರೆಸಿಸ್ಟರ್, ಕೆಪಾಸಿಟರ್, ಕನೆಕ್ಟರ್ ಹೋಲ್‌ಸೇಲು, ಸಾಮಾನು ಬೇರೆ ಕಷ್ಟ ಒಂದೇ. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಆಟೋಸ್ಟೋರ್ ಅನ್ನೋ ರೋಬೋಟ್ ಸ್ಟೋರೇಜಿಂದು, ಯಾಕಂದ್ರೆ ಅದು ಹುಟ್ಟಿದ್ದೇ ನಮ್ಮಂಥ ವ್ಯಾಪಾರದವರ ಗೋಡೌನಲ್ಲಿ. ನಾರ್ವೆಯ ನೆಡ್ರೆ ವಾಟ್ಸ್ ಅನ್ನೋ ಸಣ್ಣ ಊರಲ್ಲಿ ಹ್ಯಾಟೆಲಾಂಡ್ ಅಂತ ಎಲೆಕ್ಟ್ರಾನಿಕ್ ಬಿಡಿಭಾಗ ಮಾರೋ ಕಂಪನಿ, ಅವರಿಗೆ ಜಾಗ ಸಾಲ್ತಿರಲಿಲ್ಲ. ಅಲ್ಲಿದ್ದ ಇಂಗ್ವಾರ್ ಹೊಗ್ನಾಲಾಂಡ್ ಅನ್ನೋರು ಯೋಚನೆ ಮಾಡಿದ್ರು, ರ‍್ಯಾಕಿನ ಗೋದಾಮಲ್ಲಿ ನಾವು ಜಾಸ್ತಿ ಇಟ್ಟಿರೋದು ಗಾಳೀನೇ, ಓಡಾಡೋ ದಾರಿ ಗಾಳಿ, ಡಬ್ಬದ ಮೇಲಿನ ಸಂದು ಗಾಳಿ. ದಾರೀನೇ ಇಲ್ದೆ ಬಿನ್ನುಗಳನ್ನ, ಅಂದ್ರೆ ಸಾಮಾನು ತುಂಬೋ ಪೆಟ್ಟಿಗೆಗಳನ್ನ, ಒಂದರ ಮೇಲೊಂದು ಒತ್ತೊತ್ತಾಗಿ ಪೇರಿಸಿದ್ರೆ? 1996ರಲ್ಲಿ ಶುರುವಾದ ಕೆಲಸ, 2005ರ ಹೊತ್ತಿಗೆ ಅವರದೇ ಗೋಡೌನಲ್ಲಿ ನಡೀತು.

ಅಲ್ಯೂಮಿನಿಯಂ ಗ್ರಿಡ್ಡು, ಒಂದೊಂದು ಕಣ್ಣಲ್ಲೂ ಬಾವಿ ಥರ ಬಿನ್ನುಗಳ ಪೇರಿ, ಮೇಲ್ಗಡೆ ಹಳಿ ಮೇಲೆ ರೋಬೋಟ್‌ಗಳು ಓಡಾಡ್ತವೆ, ಪಟ್ಟಿ ಇಳಿಸಿ ಬಿನ್ ಎತ್ಕೊಂಡು ಸಾಮಾನು ತೆಗೆಯೋರ ಹತ್ರ ಇಳಿಸ್ತವೆ. ತಳದಲ್ಲಿರೋ ಬಿನ್ ಬೇಕಂದ್ರೆ ಮೇಲಿರೋದನ್ನೆಲ್ಲ ಅಕ್ಕಪಕ್ಕ ಎತ್ತಿಡ್ಬೇಕು, ಬಾವಿ ಅಗೆದಂಗೆ. ಕೇಳಿದ್ರೆ ಹುಚ್ಚು ಅನ್ಸುತ್ತೆ, ಆದ್ರೆ ತೆಗೆದ ಬಿನ್ ವಾಪಸ್ ಬರೋವಾಗ ಮೇಲೇ ಕೂರುತ್ತೆ ಅಲ್ವಾ, ಹಂಗಾಗಿ ದಿನಾ ಹೋಗೋ ಸಾಮಾನು ತಾನೇ ಮೇಲೆ ಇರುತ್ತೆ, ವರ್ಷಕ್ಕೊಂದ್ಸಲ ಹೋಗೋದು ತಾನೇ ತಳ ಸೇರುತ್ತೆ, ಯಾರೂ ಜೋಡಿಸೋದೇ ಬೇಡ. ಇದನ್ನ ಮೊದಲ ಸಲ ಅರ್ಥ ಮಾಡ್ಕೊಂಡಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ ಆಗಿತ್ತು.

ಆದ್ರೆ ಪೀಣ್ಯದ ಅಣ್ಣನಿಗೆ ಇದು ಬೇಡ. ಗಾತ್ರ ದೊಡ್ಡದು, ದುಡ್ಡು ದೊಡ್ಡದು ಅನ್ನೋದು ಇರ್ಲಿ, ತೂಕ ನೋಡಿ. ಅದರ ಒಂದು ಬಿನ್ನಿಗೆ 30 ಕೆಜಿ ಮಿತಿ. 6203 ಒಂದು ಸುಮಾರು 65 ಗ್ರಾಂ, ಅಂದ್ರೆ 460 ಬೇರಿಂಗ್ ಹಾಕೋ ಹೊತ್ತಿಗೆ 30 ಕೆಜಿ ಮುಟ್ತು. ಬೇರಿಂಗ್ 40 ಮಿಲಿಮೀಟರ್ ಅಗಲ, 12 ದಪ್ಪ, 460ನ್ನೂ ಜೋಡಿಸಿದ್ರೆ ಒಂಬತ್ತು ಲೀಟರ್ ಆಗ್ಬಹುದು, 330 ಮಿಲಿಮೀಟರ್ ಎತ್ತರದ ಬಿನ್ ಹಿಡಿಯೋದು ಸುಮಾರು 75 ಲೀಟರ್. ಗಾಳಿ ಇಡಬಾರದು ಅಂತ ಹುಟ್ಟಿದ ಮೆಷಿನ್ನಲ್ಲಿ ನೀವು ಮುಕ್ಕಾಲಿಗಿಂತ ಹೆಚ್ಚು ಗಾಳಿ ಇಟ್ಟಂಗಾಗುತ್ತೆ. ರೆಸಿಸ್ಟರ್ ರೀಲಿಗೆ, ಬಟ್ಟೆಗೆ, ಕಾಸ್ಮೆಟಿಕ್ಸಿಗೆ ಅದು ಹೇಳಿ ಮಾಡಿಸಿದಂಗಿದೆ, ಉಕ್ಕಿಗೆ ಅಲ್ಲ.

ಪೀಣ್ಯ ಬೇರಿಂಗ್ | ಮಂಗಳವಾರ ಮಧ್ಯಾಹ್ನ

460ರ ಲೆಕ್ಕ ಓದಿ ಸುಮ್ನೆ ಕೂತ್ಬಿಟ್ಟೆ. ಹನ್ನೊಂದು ವರ್ಷದಿಂದ ಬೇರಿಂಗ್ ಮಾರ್ತಿದೀನಿ, ಒಂದು ಐಟಂದೂ ತೂಕ ಸಿಸ್ಟಂಲಿ ಹಾಕಿಲ್ಲ. ಲಿಫ್ಟ್ ಮೆಷಿನ್ ಟ್ರೇಗೂ ಇದೇ ತೊಂದ್ರೆ ಬರುತ್ತಾ?

ಕುಡ್ಲದ ಇಂಜಿನಿಯರ್ | ಮಂಗಳವಾರ ಸಂಜೆ

ಟ್ರೇಗೆ ಅಷ್ಟು ತೊಂದ್ರೆ ಇಲ್ಲ, ನೂರಾರು ಕೆಜಿ ತಡ್ಕೊಳ್ಳುವ ಟ್ರೇ ಸಿಗ್ತದೆ. ನಿಮಗೆ ತೊಂದ್ರೆ ಇರುವುದು ನೆಲದಲ್ಲಿ ಮಾರಾಯ್ರೆ, ಅದನ್ನು ಯಾರೂ ಹೇಳ್ಲಿಲ್ಲ ಇಷ್ಟೊತ್ತಾದ್ರೂ. 40 ಟ್ರೇ, ಒಂದೊಂದರಲ್ಲಿ 400 ಕೆಜಿ ಅಂತ ಹಿಡಿಯಿರಿ, 16 ಟನ್ ಬರೀ ಸಾಮಾನು, ಮೇಲೆ ಮೆಷಿನಿನ ತೂಕ ಬೇರೆ. ಅದು ನಿಲ್ಲುವುದು ಹೆಚ್ಚುಕಡಿಮೆ ಒಂಬತ್ತು ಚದರ ಮೀಟರಿನಲ್ಲಿ. ಚದರ ಮೀಟರಿಗೆ ಎರಡು ಟನ್ನಿನ ಹತ್ರ ಬಂತು, ಅದೂ ಸಮನಾಗಿ ಹಂಚಿದ್ರೆ, ನಿಜವಾಗಿ ಭಾರ ಬೀಳುವುದು ನಾಲ್ಕು ಮೂಲೆಯ ಪಾದದ ಮೇಲೆ. ಹಳೇ ಶೆಡ್ಡಿನ ನೆಲದಲ್ಲಿ ಕಂಬಿ ಹಾಕಿದಾರೋ ಇಲ್ವೋ, ಕೆಳಗೆ ತುಂಬಿದ ಮಣ್ಣು ಎಂಥದ್ದು, ಎಲ್ಲ ನೋಡ್ಬೇಕು. ಒಂದು ಕಡೆ ಎರಡು ಮಿಲಿಮೀಟರ್ ಕೂತ್ರೂ ಸಾಕು, ಅಷ್ಟೆತ್ತರದ ಮೆಷಿನ್ ವಾಲಿ ಟ್ರೇ ಸಿಕ್ಕಿ ಹಾಕಿಕೊಳ್ತದೆ. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿ, ನೆಲ ಕೊರೆದು ಒಂದು ತುಂಡು ತೆಗೆಸಿ ನೋಡಿ. ಮೆಜನೈನ್ ಮೇಲೆ, ಅಂದ್ರೆ ಶೆಡ್ಡಿನೊಳಗೆ ಕಟ್ಟುವ ಅಟ್ಟದ ಮೇಲೆ ಇಡುವ ಯೋಚನೆ ಇದ್ರೆ ಇವತ್ತೇ ಬಿಡಿ.

ಎರಡನೇದು ಕರೆಂಟು. ಕರೆಂಟ್ ಹೋದ್ರೆ ರ‍್ಯಾಕಿನಿಂದ ಟಾರ್ಚ್ ಹಿಡ್ಕೊಂಡಾದ್ರೂ ತೆಗೀಬಹುದು, ಈ ಮೆಷಿನಿನಲ್ಲಿ ನಿಮ್ಮ ಸ್ಟಾಕೆಲ್ಲ ಒಳಗೆ ಬೀಗ ಹಾಕಿದ ಹಾಗೆ. ಯುಪಿಎಸ್, ಡೀಸೆಲ್ ಜನರೇಟರ್, ಎರಡೂ ಲೆಕ್ಕದಲ್ಲಿ ಸೇರ್ಲಿ. ಎಎಂಸಿ, ಅಂದ್ರೆ ವರ್ಷದ ರಿಪೇರಿ ಒಪ್ಪಂದ, ಬರೆಸುವಾಗ ಎಷ್ಟು ಗಂಟೆಯೊಳಗೆ ಮನುಷ್ಯ ಬರ್ತಾನೆ, ಸೆನ್ಸರು, ಬೆಲ್ಟು, ಕಂಟ್ರೋಲರ್ ಬೋರ್ಡು ಬೆಂಗಳೂರಿನಲ್ಲೇ ಸ್ಟಾಕ್ ಉಂಟಾ ಇಲ್ವಾ, ಬರವಣಿಗೆಯಲ್ಲಿ ತಗೊಳ್ಳಿ. ನಾವು ಹಿಂದೆ ಕೆಲಸ ಮಾಡಿದ ಒಂದು ಕಡೆ ಒಂದು ಬೋರ್ಡಿಗೆ ಹನ್ನೆರಡು ದಿನ ಕಾದಿದ್ದೇವೆ. ಆ ಹನ್ನೆರಡು ದಿನ ಒಳಗಿದ್ದ ಸಾಮಾನನ್ನೇ ಹೊರಗೆ ಮಾರ್ಕೆಟಿನಿಂದ ಪುನಃ ಖರೀದಿ ಮಾಡಿ ಕಸ್ಟಮರಿಗೆ ಕೊಟ್ಟದ್ದು.

ಬೆಂಕಿಯದ್ದೂ ಹೇಳ್ತೇನೆ. ಇಂಗ್ಲೆಂಡಿನ ಆಂಡೋವರಿನಲ್ಲಿ ಒಕಾಡೊದವರ ದಿನಸಿ ಗೋದಾಮು, ಅದೂ ಮೇಲೆ ರೋಬೋಟ್ ಓಡುವ ಗ್ರಿಡ್ಡೇ, 2019ರ ಫೆಬ್ರವರಿಯಲ್ಲಿ ರೋಬೋಟಿನ ಬ್ಯಾಟರಿ ಚಾರ್ಜಿಂಗ್ ಭಾಗದಲ್ಲಿ ಕರೆಂಟಿನ ದೋಷ ಆಗಿ ಬೆಂಕಿ ಹಿಡಿದು ಇಡೀ ಕಟ್ಟಡ ಹೋಯ್ತು. ಎರಡು ವರ್ಷ ಬಿಟ್ಟು ಎರಿತ್‌ನಲ್ಲಿ ಮೂರು ರೋಬೋಟ್ ಡಿಕ್ಕಿಯಾಗಿ ಇನ್ನೊಂದು ಬೆಂಕಿ. ಒತ್ತಾಗಿ ಪೇರಿಸಿದ ಕಡೆ ಒಳಗೆ ಬೆಂಕಿ ಬಿದ್ರೆ ನೀರು ಮುಟ್ಟಿಸುವುದು ಕಷ್ಟ. ನಿಮ್ಮ ಓ-ರಿಂಗು, ಬೆಲ್ಟು ಎಲ್ಲ ರಬ್ಬರ್ ಅಲ್ವಾ, ಇನ್ಶೂರೆನ್ಸಿನವರ ಹತ್ರ ಮೊದಲೇ ಮಾತಾಡಿ.

ಹುಬ್ಬಳ್ಳಿ ಔಷಧ | ಮಂಗಳವಾರ ರಾತ್ರಿ

ನಡುವ ಬಾಯಿ ಹಾಕ್ತೇನ್ರಿ, ತಪ್ಪು ತಿಳ್ಕೋಬ್ಯಾಡ್ರಿ. ನಮ್ದು ಹುಬ್ಬಳ್ಳಿಯೊಳಗ ಔಷಧ ಹೋಲ್‌ಸೇಲ್ ಐತ್ರಿ, ಧಾರವಾಡ, ಗದಗ, ಹಾವೇರಿ ಕಡೆ ಮೆಡಿಕಲ್ ಅಂಗಡಿಗೆ ಕೊಡ್ತೇವಿ. ನಮ್ಮ ತ್ರಾಸು ಬ್ಯಾರೇನ ಐತಿ. ಒಂದ ಗುಳಿಗಿ, ಮೂರ ಬ್ಯಾಚು, ಮೂರ ಎಕ್ಸ್‌ಪೈರಿ, ಎಂಆರ್‌ಪಿ ಸುದ್ದಾ ಬ್ಯಾರೆ ಬ್ಯಾರೆ. ಮೊದ್ಲ ಬಂದದ್ದು ಮೊದ್ಲ ಹೋಗ್ಲಿ ಅಂದ್ರ ನಡಿಯೂದಿಲ್ರಿ, ಮೊದ್ಲ ಅವಧಿ ಮುಗಿಯೂದು ಮೊದ್ಲ ಹೋಗ್ಬೇಕು. ಹುಡುಗ್ರು ಕೈಗೆ ಸಿಕ್ಕಿದ್ದ ಕೊಟ್ಟು ಬಿಡ್ತಾರ, ಹಿಂದಿನ ಡಬ್ಬಿ ಅಲ್ಲೇ ಅವಧಿ ಮುಗದು ಕುಂತಿರ್ತೈತಿ. ಮಷಿನ್ ಇದನ್ನ ನೋಡ್ಕೋತೈತೇನ್ರಿ?

ಹಾಸನದಿಂದ ಜರ್ಮನಿಗೆ | ಬುಧವಾರ ಬೆಳಗಿನ ಜಾವ

ಹುಬ್ಬಳ್ಳಿ ಸರ್, ಇದನ್ನೇ ಮಾಡೋ ಮೆಷಿನ್ ನಮ್ಮ ಬೀದಿ ಮೂಲೆಯ ಔಷಧಿ ಅಂಗಡೀಲಿದೆ. ರೋವಾ ಅಂತ, 1996ರಿಂದ ಇಲ್ಲಿ ಅಂಗಡಿಗಳಲ್ಲಿ ಹಾಕ್ತಿದಾರೆ. ಚೀಟಿ ಕೊಟ್ರೆ ಫಾರ್ಮಸಿಸ್ಟ್ ಕಂಪ್ಯೂಟರಲ್ಲಿ ಒತ್ತುತ್ತಾರೆ, ಅವರು ಜಾಗ ಬಿಟ್ಟು ಎದ್ದೇಳೋದೇ ಇಲ್ಲ, ಹಿಂದ್ಗಡೆ ಗಾಜಿನ ಕಪಾಟಿನ ನಡುವೆ ಒಂದು ಕೈ ಸರ್ರಂತ ಹೋಗಿ ಡಬ್ಬಿ ಹಿಡಿದು ತಂದು ಜಾರುಬಂಡೆ ಥರ ಕೌಂಟರಿಗೆ ಬಿಡುತ್ತೆ. ನನ್ನ ಮಗಳು ಮೊದಲ ಸಲ ನೋಡಿ ಇನ್ನೊಂದ್ಸಲ ಇನ್ನೊಂದ್ಸಲ ಅಂತ ಹಟ ಮಾಡಿದ್ಲು.

ಅದರೊಳಗೆ ಸಾಮಾನಿಗೆ ಅಂತ ಒಂದು ಖಾಯಂ ಜಾಗ ಇರಲ್ಲ. ಯಾವ ಡಬ್ಬಿ ಎಲ್ಲಿ ಹಿಡಿಯುತ್ತೋ ಅಲ್ಲಿ ಇಟ್ಟು ನೆನಪಿಟ್ಕೊಳ್ಳುತ್ತೆ, ಪ್ಯಾರಾಸಿಟಮಾಲ್ ಪಕ್ಕ ಬಿಪಿ ಮಾತ್ರೆ, ಅದರ ಪಕ್ಕ ಮುಲಾಮು. ನಮ್ಮ ಕಣ್ಣಿಗೆ ಚೆಲ್ಲಾಪಿಲ್ಲಿ, ಮೆಷಿನ್ನಿಗೆ ಅಲ್ಲ. ಎಕ್ಸ್‌ಪೈರಿ ಗೊತ್ತಿದ್ರೆ ಹತ್ತಿರದ್ದನ್ನೇ ಮೊದ್ಲು ಕೊಡುತ್ತೆ. ಎಲ್ಲ ನಿಂತಿರೋದು ಆ "ಗೊತ್ತಿದ್ರೆ" ಮೇಲೆ. ಯುರೋಪಲ್ಲಿ 2019ರ ಫೆಬ್ರವರಿಯಿಂದ ಚೀಟಿ ಮೇಲೆ ಕೊಡೋ ಔಷಧಿಗಳ ಡಬ್ಬಿ ಮೇಲೆ ಬ್ಯಾಚು, ಅವಧಿ ಎಲ್ಲ ಇರೋ ಚೌಕದ ಕೋಡ್ ಕಡ್ಡಾಯ, ಸ್ಕ್ಯಾನ್ ಮಾಡಿದ ಕೂಡ್ಲೇ ಎಲ್ಲ ಸಿಸ್ಟಂಗೆ ಬರುತ್ತೆ. ಇಂಡಿಯಾದಲ್ಲಿ 2023ರ ಆಗಸ್ಟಿಂದ 300 ಬ್ರ್ಯಾಂಡಿಗೆ ಅಂಥ ಕೋಡ್ ಕಡ್ಡಾಯ ಮಾಡಿದಾರೆ, ಕೋಡ್ ಇಲ್ದೇ ಇರೋದನ್ನ ಯಾರಾದ್ರೂ ಕಣ್ಣಲ್ಲಿ ಓದಿ ಟೈಪ್ ಮಾಡ್ಬೇಕು.

ಇನ್ನೊಂದು, ಇಲ್ಲಿ ಡಬ್ಬಿ ಒಡೆಯೋ ಪದ್ಧತಿ ಇಲ್ಲ, ಪೂರ್ತಿ ಡಬ್ಬಿನೇ ಕೊಡ್ತಾರೆ. ನಮ್ಮೂರಲ್ಲಿ ಅಂಗಡೀಲಿ ನಾಲ್ಕು ಗುಳಿಗೆ ಕೊಡಿ ಅಂದ್ರೆ ಕತ್ತರಿಸಿ ಕೊಡ್ತಾರಲ್ಲ, ಆ ಕತ್ತರಿಸಿದ ಪಟ್ಟಿ ಯಾವ ಮೆಷಿನ್ ಕೈಗೂ ಬರಲ್ಲ. ನೀವು ಹೋಲ್‌ಸೇಲಲ್ಲಿ ಡಬ್ಬಿ ಲೆಕ್ಕದಲ್ಲೇ ಕೊಡೋದಾದ್ರೆ ಎ-ಫ್ರೇಮ್ ಅಂತ ಒಂದಿದೆ, ಹೆಸರೇ ಹೇಳೋ ಹಾಗೆ ಎರಡು ಕಡೆಯಿಂದ ವಾಲಿರೋ ಚೌಕಟ್ಟು, ಅದರ ತುಂಬ ಉದ್ದುದ್ದ ಕೊಳವೆ, ಒಂದೊಂದರಲ್ಲಿ ಒಂದೊಂದು ಔಷಧಿ ಡಬ್ಬಿ ಪೇರಿಸಿರ್ತಾರೆ, ನಡುವೆ ಬೆಲ್ಟ್ ಓಡುತ್ತೆ, ಆರ್ಡರ್ ಬಂದಾಗ ತಳದ ಡಬ್ಬಿನ ಸಣ್ಣ ತಳ್ಳುಗ ಬೆಲ್ಟಿಗೆ ತಳ್ಳುತ್ತೆ. ಆಸ್ಟ್ರಿಯಾದ ಗ್ರಾಟ್ಸ್ ಹತ್ರದ ಕ್ನಾಪ್ ಕಂಪನಿಯೋರು ಔಷಧ ಗೋದಾಮುಗಳಿಗೆ ಇದನ್ನ ಬಹಳ ಮಾಡಿದಾರೆ. ಕೊಡೋದು ಮೆಷಿನ್ನು, ಕೊಳವೆ ತುಂಬೋದು ಮಾತ್ರ ಮನುಷ್ಯರೇ. ದಿನಾ ಸಾವಿರಗಟ್ಟಲೆ ಹೋಗೋ ಐಟಂ ಇದ್ರೆ ಮಾತ್ರ ಲಾಭ.

ಹುಬ್ಬಳ್ಳಿ ಔಷಧ | ಬುಧವಾರ

ತಿಳೀತ್ರಿ. ಅಂದ್ರ ಮಷಿನ್ಕಿಂತ ಮದ್ಲ ನಾವು ಮಾಲು ಬಂದಾಗನ ಬ್ಯಾಚು, ಅವಧಿ ಸರಿಯಾಗಿ ಹೊಡಕೋಬೇಕು. ಈಗ ಬಿಲ್ ಮ್ಯಾಲೆ ಒಂದ ಬ್ಯಾಚ್ ಹೊಡದು ಮೂರೂ ಅದರಾಗ ತುರುಕತೇವ್ರಿ. ಖರೇನ ಹೇಳ್ತೇನಿ, ನಾಳಿಂದ ಅದನ್ನ ಬಂದ್ ಮಾಡ್ತೇನಿ.

ನೆಲಮಂಗಲ ಪಿಕ್ಕರ್ | ಬುಧವಾರ ರಾತ್ರಿ

ನಾನು ಓನರ್ ಅಲ್ಲ, ಇಂಜಿನಿಯರೂ ಅಲ್ಲ. ನೆಲಮಂಗಲ ಕಡೆ ಒಂದು ದೊಡ್ಡ ಗೋಡೌನಲ್ಲಿ ಐದು ವರ್ಷದಿಂದ ಪಿಕ್ಕಿಂಗ್ ಮಾಡ್ತಿದೀನಿ. ನಾಲ್ಕು ಜನದ ಕೆಲಸ ಒಬ್ಬರು ಮಾಡ್ತಾರೆ ಅಂತ ಮೊದಲ ಪೋಸ್ಟಲ್ಲಿ ಓದಿ ಎರಡು ದಿನ ಬರೀಲೋ ಬೇಡ್ವೋ ಅಂತ ಯೋಚನೆ ಮಾಡ್ದೆ.

ನಡೆಯೋದು ಕಷ್ಟ ಅನ್ನೋದು ನಿಜ. ನನ್ನ ಫೋನ್ ಒಂದು ಶಿಫ್ಟಿಗೆ 16–17 ಕಿಲೋಮೀಟರ್ ತೋರಿಸಿದ್ದಿದೆ, ಪಾದದ ಹಿಮ್ಮಡಿ ರಾತ್ರಿ ಉರಿಯುತ್ತೆ, ಬಿಸಿನೀರಲ್ಲಿ ಉಪ್ಪು ಹಾಕ್ಕೊಂಡು ಕೂರ್ತೀನಿ. ಸಾಮಾನು ನಮ್ಮ ಹತ್ರನೇ ಬರೋ ಮೆಷಿನ್ ಬಂದಾಗ ನಾವೆಲ್ಲ ಖುಷಿ ಪಟ್ವಿ. ಆರು ತಿಂಗಳು ಅದರ ಮುಂದೆ ನಿಂತೆ. ಕಾಲು ನೋವು ಹೋಯ್ತು, ಭುಜ ನೋವು ಬಂತು. ಯಾಕಂದ್ರೆ ನಡೆಯೋವಾಗ ಕೈಗೆ ಬಿಡುವು ಇರುತ್ತೆ, ಮೈ ಬೇರೆ ಬೇರೆ ಥರ ಆಡುತ್ತೆ, ಯಾರಾದ್ರೂ ಸಿಕ್ರೆ ಒಂದು ಮಾತು ಆಡ್ತೀವಿ. ಮೆಷಿನ್ ಮುಂದೆ ಒಂದೇ ಜಾಗ, ಒಂದೇ ತಿರುವು, ಬಿನ್ನಿಂದ ಎತ್ತೋದು ಬಲಕ್ಕೆ ಹಾಕೋದು, ಒಂದು ಬಿನ್ ಮುಗಿಯೋದ್ರೊಳಗೆ ಇನ್ನೊಂದು ಬಂದು ನಿಂತಿರುತ್ತೆ. ನೀರು ಕುಡಿಯೋಕೆ ಹೋದ್ರೂ ಪರದೆ ಮೇಲೆ ಸೆಕೆಂಡ್ ಓಡ್ತಾ ಇರುತ್ತೆ. ಕಿಟಕಿ ಎತ್ತರ ನನಗೆ ಎದೆ ಮಟ್ಟಕ್ಕೆ ಬರ್ತಿತ್ತು, ಎತ್ತರದ ಹುಡುಗರ ಅಳತೆಗೆ ಮಾಡಿದ್ದು, ಎಂಟು ಗಂಟೆ ಮೊಣಕೈ ಮೇಲೆತ್ತಿ ಕೆಲಸ ಮಾಡಿ ನೋಡಿ ಏನಾಗುತ್ತೆ ಅಂತ. ಹಾಕಿಸಿ, ಬೇಡ ಅನ್ನಲ್ಲ. ಹಾಕ್ಸೋಕೆ ಮುಂಚೆ ನಿಮ್ಮ ಆ ನಾಲ್ಕು ಜನನ ಒಂದ್ಸಲ ಕೇಳಿ ಸರ್, ಯಾವ ಸಾಮಾನು ಯಾವಾಗ ತಪ್ಪಾಗುತ್ತೆ ಅಂತ ಅವರಿಗೆ ಗೊತ್ತಿರುತ್ತೆ.

ಗೋದಾಮು 18 ವರ್ಷ | ಬುಧವಾರ ರಾತ್ರಿ

ಮೇಡಂ, ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಾವು ಹಾಕಿಸೋರು ಗಂಟೆಗೆ ಎಷ್ಟು ಲೈನ್ ಅಂತ ಮಾತ್ರ ನೋಡ್ತೀವಿ, ಮೊಣಕೈ ಎತ್ತರದ ಲೆಕ್ಕ ನನ್ನ ಎರಡು ಪ್ರಾಜೆಕ್ಟಲ್ಲೂ ಇರಲಿಲ್ಲ, ಇದನ್ನ ಒಪ್ಕೋಬೇಕು. ನೀವು ಹೇಳಿದ್ದು ಬೇರೆ ಕಡೆಯೂ ಆಗಿದೆ. ಅಮೆಜಾನ್ 2012ರಲ್ಲಿ ಕೀವಾ ಅನ್ನೋ ಕಂಪನೀನ 77.5 ಕೋಟಿ ಡಾಲರಿಗೆ ತಗೊಂಡ್ತಲ್ಲ, ಕಪಾಟಿನ ಕೆಳಗೆ ನುಗ್ಗಿ ಇಡೀ ಕಪಾಟನ್ನೇ ಎತ್ಕೊಂಡು ಬರೋ ಕಿತ್ತಳೆ ಬಣ್ಣದ ರೋಬೋಟು, ಅದು ಬಂದ್ಮೇಲೆ ನಡೆಯೋ ಕೆಲಸ ತಪ್ಪಿತು. ಆದ್ರೆ ರಿವೀಲ್ ಅನ್ನೋ ಅಮೆರಿಕದ ತನಿಖಾ ಸುದ್ದಿ ಸಂಸ್ಥೆ 2020ರಲ್ಲಿ ಕಂಪನಿಯ ಒಳಗಿನ ದಾಖಲೆಗಳನ್ನೇ ನೋಡಿ ಬರೆದ ಪ್ರಕಾರ, ರೋಬೋಟ್ ಇರೋ ಗೋದಾಮುಗಳಲ್ಲಿ ಗಂಭೀರ ಗಾಯ ಇಲ್ಲದಿರೋ ಕಡೆಗಿಂತ ಜಾಸ್ತಿ ಇತ್ತು, ಗಂಟೆಗೆ ನೂರರ ಹತ್ರ ಪೀಸ್ ತೆಗೀತಿದ್ದೋರ ಮೇಲೆ ನಾನೂರರವರೆಗೂ ಟಾರ್ಗೆಟ್ ಹಾಕಿದ್ರಂತೆ. ಗಾಯ ಮಾಡಿದ್ದು ಮೆಷಿನ್ ಅಲ್ಲ ಟಾರ್ಗೆಟ್ಟು, ಮತ್ತೆ ಟಾರ್ಗೆಟ್ ಹಾಕೋದು ಓನರ್ ಕೈಲೇ ಇರುತ್ತೆ.

ಎಸ್‌ಪಿ ರೋಡ್ ಕಾಂಪೊನೆಂಟ್ಸ್ | ಗುರುವಾರ

ಕೈ ಕೆಲಸಾನೂ ರೋಬೋಟೇ ಮಾಡಿದ್ರೆ ಆಗಲ್ವಾ ಅಂತ ಯಾರಾದ್ರೂ ಕೇಳ್ಬಹುದು ಅಂತ ಬರೀತಿದೀನಿ. 2015ರಲ್ಲಿ ಸಿಯಾಟಲ್‌ನಲ್ಲಿ ಅಮೆಜಾನ್ ಪಿಕ್ಕಿಂಗ್ ಚಾಲೆಂಜ್ ಅಂತ ಸ್ಪರ್ಧೆ ಇಟ್ಟಿದ್ರು, ಕಪಾಟಿಂದ ಸಾಮಾನು ಎತ್ಕೊಡೋದು ಅಷ್ಟೇ ಕೆಲಸ. ಗೆದ್ದಿದ್ದು ಬರ್ಲಿನ್ ಟೆಕ್ನಿಕಲ್ ಯೂನಿವರ್ಸಿಟಿ ತಂಡ, ಬೆರಳಿರೋ ಕೈ ಅಲ್ಲ, ಮನೇಲಿ ಕಸ ಹೀರೋ ವ್ಯಾಕ್ಯೂಮ್ ಕ್ಲೀನರ್ ಕೊಳವೆ ಸಿಕ್ಕಿಸಿ ಹೀರಿ ಎತ್ತಿದ್ರು. 2017ರಲ್ಲಿ ಜಪಾನಿನ ನಗೋಯಾದಲ್ಲಿ ನಡೆದಾಗ ಆಸ್ಟ್ರೇಲಿಯಾದವರು ಗೆದ್ರು, ಅವರದ್ದೂ ಒಂದು ಕಡೆ ಹೀರೋದು ಒಂದು ಕಡೆ ಚಿಮ್ಮಟ. ಅಲ್ಲಿಂದ ತುಂಬಾ ಮುಂದೆ ಬಂದಿದಾರೆ, ಆದ್ರೂ ಪಾರದರ್ಶಕ ಪ್ಲಾಸ್ಟಿಕ್ ಕವರು, ಬಲೆ ಚೀಲ, ಒಂದಕ್ಕೊಂದು ಸಿಕ್ಕಿಹಾಕ್ಕೊಂಡ ವೈರು, ಇವೆಲ್ಲ ಇನ್ನೂ ಕಷ್ಟವೇ. ಒಂದು ಕವರಲ್ಲಿರೋ 200 ಓ-ರಿಂಗಲ್ಲಿ 35 ಎಣಿಸಿ ಕೊಡು ಅಂದ್ರೆ ರೋಬೋಟ್ ಕೈಗಿಂತ ಒಂದು ಕೌಂಟಿಂಗ್ ತಕ್ಕಡಿ ಮತ್ತೆ ಒಬ್ಬ ಮನುಷ್ಯ ಸಾಕು, ಹತ್ತು ಪೀಸ್ ಇಟ್ಟು ತೂಕ ಕಲಿಸಿದ್ರೆ ಉಳಿದಿದ್ದನ್ನ ಅದೇ ಎಣಿಸುತ್ತೆ.

ನಮ್ಮ ದೇಶದಲ್ಲೂ ಈ ಕೆಲಸ ಜೋರಾಗಿದೆ, ಗ್ರೇಆರೆಂಜ್ 2011ರಲ್ಲಿ ಶುರುವಾಗಿದ್ದು, ನೋಯ್ಡಾದ ಆಡ್‌ವರ್ಬ್ 2016ರದ್ದು, ಅದರಲ್ಲಿ 2022ರಲ್ಲಿ ರಿಲಯನ್ಸ್ ಅರ್ಧಕ್ಕಿಂತ ಜಾಸ್ತಿ ಪಾಲು ತಗೊಂಡಿದೆ. ಹಂಗಾಗಿ ಹೊರದೇಶದ ಕೊಟೇಶನ್ ಒಂದೇ ನೋಡಬೇಡಿ, ಇಲ್ಲಿಯವರನ್ನೂ ಕೇಳಿ.

ಪೀಣ್ಯ ಬೇರಿಂಗ್ | ಮೂರು ವಾರದ ನಂತರ

ಎಲ್ರಿಗೂ ಮತ್ತೆ ನಮಸ್ಕಾರ, ಹೇಳಿದ ಹಾಗೆ ಎಣಿಸಿದೆ. ತಂಗಿ ಕೂತ್ಕೊಂಡು ಎಕ್ಸೆಲ್ ಮಾಡಿಕೊಟ್ಲು. 7,000 ಐಟಂನಲ್ಲಿ 310 ಐಟಂ ಅರ್ಧಕ್ಕಿಂತ ಜಾಸ್ತಿ ಲೈನ್ ತಿಂತಿದೆ. ಆಮೇಲೆ ಪೂರ್ತಿ ಒಂದು ವರ್ಷದ ಬಿಲ್ ತೆಗೆಸಿ ನೋಡಿದ್ರೆ 1,900 ಐಟಂ ಒಂದ್ಸಲಾನೂ ಅಲ್ಲಾಡಿಲ್ಲ, ಅದರಲ್ಲಿ ಮುಚ್ಚಿಹೋದ ಒಂದು ಫ್ಯಾಕ್ಟರಿಗೆ ಅಂತ ಅಪ್ಪ ತರಿಸಿಟ್ಟಿದ್ದ ಸೀಲುಗಳೂ ಇವೆ, ರಬ್ಬರ್ ಗಟ್ಟಿಯಾಗಿ ಒಡೀತಿದೆ. ಆ 310 ಐಟಂ ಎಲ್ಲೆಲ್ಲಿದೆ ನೋಡಿದ್ರೆ ಶೆಡ್ಡಿನ ಹನ್ನೆರಡು ರ‍್ಯಾಕಲ್ಲಿ ಹರಡಿತ್ತು, 6203 ಅಂತೂ ಹಿಂದಿನ ಗೋಡೆ ಹತ್ರ, ಯಾಕಂದ್ರೆ ಇಪ್ಪತ್ತು ವರ್ಷದ ಹಿಂದೆ ಮೊದಲ ರ‍್ಯಾಕ್ ಅಲ್ಲೇ ಹಾಕಿದ್ದು. ಸಂಜೆ ಲೆಕ್ಕವೂ ಗೋದಾಮು ಸರ್ ಹೇಳಿದ ಹಾಗೇ, ಮೂರು ಗಂಟೆ ಮೇಲೆ 170–190 ಲೈನ್.

ನೆಲಮಂಗಲದ ಅಕ್ಕ ಹೇಳಿದ್ರಲ್ಲ, ನಮ್ಮ ನಾಲ್ಕು ಜನನ ಕೂರ್ಸಿಕೊಂಡು ಕೇಳ್ದೆ. ಹಿರಿಯೋರು ಒಬ್ರಿದಾರೆ, ಅಪ್ಪನ ಕಾಲದಿಂದ ಇರೋರು, ಅವರು ಹೇಳಿದ್ದು ಕೇಳಿ ನಾಚಿಕೆ ಆಯ್ತು. ಝೆಡ್‌ಝೆಡ್ ಮತ್ತು 2ಆರ್‌ಎಸ್ ಒಂದೇ ಶೆಲ್ಫಲ್ಲಿ ಅಕ್ಕಪಕ್ಕ ಇಟ್ಟಿದೀರಾ, ಮೇಲ್ಗಡೆ ಟ್ಯೂಬ್‌ಲೈಟ್ ಹೋಗಿ ಎಂಟು ತಿಂಗಳಾಯ್ತು, ಡಬ್ಬದ ಮೇಲಿನ ಅಕ್ಷರ ನನ್ನ ಕಣ್ಣಿಗೆ ಕಾಣಲ್ಲ, ತೆರೆದು ಬೆರಳಲ್ಲಿ ಮುಟ್ಟಿ ನೋಡಿ ಕೊಡ್ತೀನಿ, ಅವಸರದಲ್ಲಿ ಮುಟ್ಟಲ್ಲ. ಅಷ್ಟೇ ಕಾರಣ. ಎಂಟು ತಿಂಗಳಲ್ಲಿ ಯಾರೂ ಅವರನ್ನ ಕೇಳಿರಲಿಲ್ಲ.

ಟ್ಯೂಬ್‌ಲೈಟ್ ಅವತ್ತೇ ಹಾಕಿಸ್ದೆ. 310 ಐಟಂನ ಪ್ಯಾಕಿಂಗ್ ಟೇಬಲ್ ಪಕ್ಕ ಇಳಿಜಾರಿನ ರ‍್ಯಾಕಿಗೆ ತಂದ್ವಿ, ಹಿಂದಿಂದ ತುಂಬಿದ್ರೆ ಮುಂದಕ್ಕೆ ಜಾರಿ ಬರುತ್ತೆ. ಹೆಸರು ಹತ್ತಿರ ಇರೋ ಐಟಂಗಳನ್ನ ಬೇಕಂತ ದೂರ ದೂರ ಇಟ್ವಿ. ಬಾರ್‌ಕೋಡ್ ಪ್ರಿಂಟರು, ಎರಡು ಸ್ಕ್ಯಾನರ್ ತಂದಿದೀವಿ, ಲೇಬಲ್ ಅಂಟಿಸೋದು ಅರ್ಧ ಮುಗಿದಿದೆ, ಅಂಟಿಸೋವಾಗಲೇ ಉದ್ದ, ಅಗಲ, ಎತ್ತರ, ತೂಕ ಬರ್ಕೋತಿದೀವಿ. ಹೋದ ವಾರ ಬೇರಿಂಗ್ ತಪ್ಪಾಗಿ ವಾಪಸ್ ಬಂದಿದ್ದು ಒಂದೇ. ಮುಂಚೆ ವಾರಕ್ಕೆ ಆರೇಳು ಇರ್ತಿತ್ತು.

ಮೆಷಿನ್ ಬೇಡ ಅಂತ ತೀರ್ಮಾನ ಮಾಡಿಲ್ಲ. ನಿಧಾನ ಹೋಗೋ ಹತ್ತತ್ರ 4,800 ಐಟಂಗೆ ಅದು ಸರಿ ಅನ್ಸುತ್ತೆ, ಗಂಟೆಗೆ 25–30 ಲೈನ್ ಸಾಕು, ಅದಕ್ಕೆ ಒಂದೇ ಮೆಷಿನ್ ಆಗುತ್ತೆ. ನೆಲ ಕೊರೆಸಿ ನೋಡಿದ್ವಿ ಕುಡ್ಲದ ಸರ್, ನಾಲ್ಕಿಂಚು ಕಾಂಕ್ರೀಟು, ಕಂಬಿ ಇಲ್ಲ. ಆ ಮೂಲೆ ಒಡೆದು ಹೊಸದಾಗಿ ಹಾಕ್ಬೇಕು ಅಂದಿದಾರೆ ಇಂಜಿನಿಯರ್. ಆ ಖರ್ಚು ಕೊಟೇಶನ್ನಲ್ಲಿ ಎಲ್ಲೂ ಇರಲಿಲ್ಲ.

ಗೋದಾಮು 18 ವರ್ಷ | ಅದೇ ರಾತ್ರಿ

ತುಂಬಾ ಸಂತೋಷ ಆಯ್ತು ಸರ್. ಅಳತೆ, ತೂಕದ ಪಟ್ಟಿ ಮುಗಿದ್ಮೇಲೆ ಕೊಟೇಶನ್ ಕೇಳೋ ಎಲ್ಲ ಕಂಪನಿಗೂ ಅದೇ ಫೈಲ್ ಕಳ್ಸಿ, ನಿಮ್ಮದೇ ಒಂದು ವಾರದ ಬಿಲ್ ಹಾಕಿ ಸಂಜೆ ಗಂಟೆಯ ಲೆಕ್ಕ ಮಾಡಿ ತೋರ್ಸಿ ಅನ್ನಿ. ಮಾಡದೇ ಇರೋರನ್ನ ಬಿಡಿ. ಮತ್ತೆ ಬೇರಿಂಗನ್ನ ಪ್ಲಾಸ್ಟಿಕ್ ಸುತ್ತಿರೋ ಒಳ ಕವರ್ ಬಿಚ್ಚಿ ಟ್ರೇಲಿ ಸುರೀಬೇಡಿ, ಜಾಗ ಉಳಿಯುತ್ತೆ ಅಂತ ಯಾರಾದ್ರೂ ಹೇಳ್ತಾರೆ, ಧೂಳು ಕೂತ್ರೆ ತುಕ್ಕು ಹಿಡಿದ್ರೆ ಸಾಮಾನೇ ಹೋಗುತ್ತೆ.

ನೆಲಮಂಗಲ ಪಿಕ್ಕರ್ | ಮರುದಿನ

ಆ ಹಿರಿಯೋರನ್ನ ಕೇಳಿದ್ರಲ್ಲ ಸರ್, ಓದಿ ಕಣ್ಣು ತುಂಬಿ ಬಂತು. ಪ್ಯಾಕಿಂಗ್ ಟೇಬಲ್ ಹೊಸದು ಮಾಡಿಸ್ತೀರಾ? ಮಾಡಿಸೋದಾದ್ರೆ ಎತ್ತರ ಹೆಚ್ಚುಕಮ್ಮಿ ಮಾಡೋಕೆ ಬರೋ ಕಾಲು ಹಾಕ್ಸಿ, ನಿಲ್ಲೋ ಜಾಗಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಕಿ.

ಪೀಣ್ಯ ಬೇರಿಂಗ್ | ಮರುದಿನ ರಾತ್ರಿ

ಅಕ್ಕಾ, ಇವತ್ತು ಮಧ್ಯಾಹ್ನ ಊಟ ಆದ್ಮೇಲೆ ಟೇಪ್ ಹಿಡ್ಕೊಂಡು ನಾಲ್ಕೂ ಜನರ ಮೊಣಕೈ ಎತ್ತರ ಅಳೆದೆ. 94, 101, 103, 108 ಸೆಂಟಿಮೀಟರ್. ವೆಲ್ಡಿಂಗ್‌ನೋರಿಗೆ ಅದೇ ಬರೆದುಕೊಟ್ಟಿದೀನಿ. ಶನಿವಾರ ಅಂಗಡಿ ಮುಚ್ಚಿ ಆಯಿಲ್ ಸೀಲ್ ರ‍್ಯಾಕ್ ಎಣಿಕೆ ಇದೆ, ಮುಗಿದ ಮೇಲೆ ಫೈಲ್ ಇಲ್ಲೇ ಹಾಕ್ತೀನಿ.